ಕ್ಲಿನಿಕ್ಕಿನಲ್ಲಿ ಹುಟ್ಟಿದ ಪುರಾವೆ

ಅಮೆರಿಕದ ಮಕ್ಕಳ ವೈದ್ಯಶಾಸ್ತ್ರ ಬಹುಕಾಲ ನೆಚ್ಚಿಕೊಂಡಿದ್ದು ವೈದ್ಯಕೀಯ ಕಾಲೇಜುಗಳ ವಾರ್ಡುಗಳಲ್ಲಿ ಕಂಡದ್ದನ್ನೇ. ಅಲ್ಲಿಗೆ ಬರುತ್ತಿದ್ದ ರೋಗಿಗಳೋ ತೀರ ಕೆಲವರು. 1961ರಲ್ಲಿ ಕೆರ್ ವೈಟ್ ಮತ್ತು ಸಂಗಡಿಗರು ವಯಸ್ಕರ ಬಗ್ಗೆ ಹಾಕಿದ ಲೆಕ್ಕದ ಪ್ರಕಾರ, ಒಂದು ತಿಂಗಳಲ್ಲಿ ಸಾವಿರ ಮಂದಿಯಲ್ಲಿ 750 ಮಂದಿಗೆ ಏನಾದರೊಂದು ತೊಂದರೆ ಕಾಣಿಸುತ್ತದೆ; ವೈದ್ಯರ ಬಳಿ ಹೋಗುವವರು 250; ವಿಶ್ವವಿದ್ಯಾಲಯದ ಆಸ್ಪತ್ರೆ ಮುಟ್ಟುವವರು ಒಬ್ಬರು.

ಉಳಿದವರನ್ನು ನೋಡುತ್ತಿದ್ದ ಖಾಸಗಿ ವೈದ್ಯರಲ್ಲೂ ಸಂಶೋಧಕರಿದ್ದರು. ರಾಚೆಸ್ಟರ್ ನಗರದ ಬರ್ಟಿಸ್ ಬ್ರೀಸ್ ತಮ್ಮ ಕ್ಲಿನಿಕ್ಕಿಗೆ ಬಂದ ಮಕ್ಕಳನ್ನೇ ಆಧರಿಸಿ ಸ್ಟ್ರೆಪ್ಟೊಕಾಕಸ್ ಗಂಟಲು ಬೇನೆಯನ್ನು ದಶಕಗಳ ಕಾಲ ಅಭ್ಯಸಿಸಿದರು. ಆದರೆ ಅಪರೂಪದ ಕಾಯಿಲೆಗೆ ಬೇಕಾದಷ್ಟು ರೋಗಿಗಳು ಒಂದೇ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಈ ಕೊರತೆ ನೀಗಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1986ರಲ್ಲಿ ಹಲವು ಕ್ಲಿನಿಕ್ಕುಗಳನ್ನು ಜೋಡಿಸುವ 'ಪ್ರೋಸ್' ಎಂಬ ಜಾಲವನ್ನು ಕಟ್ಟಿತು. ಪ್ರಶ್ನೆಯನ್ನು ಹದಗೊಳಿಸುವುದು, ಅಂಕಿಅಂಶ ವಿಶ್ಲೇಷಿಸುವುದು ಪ್ರಾಧ್ಯಾಪಕರ ಪಾಲಿಗೆ. ದಿನದ ರೋಗಿಗಳ ಸಾಲಿನ ನಡುವೆಯೇ ಮಾಹಿತಿ ಬರೆದುಕೊಳ್ಳುವುದು ಕ್ಲಿನಿಕ್ಕಿನವರ ಪಾಲಿಗೆ.

ಜಾಲಕ್ಕೆ ಹೆಸರು ತಂದದ್ದು 1997ರ ಅಧ್ಯಯನ. ಹೆಣ್ಣುಮಕ್ಕಳ ಪ್ರೌಢಾವಸ್ಥೆಯ ಬಗ್ಗೆ ಆವರೆಗೆ ಆಧಾರವಾಗಿದ್ದದ್ದು ಬ್ರಿಟನ್ನಿನ ಮಕ್ಕಳ ನಿಲಯವೊಂದರ 192 ಬಾಲಕಿಯರನ್ನು ಕುರಿತ 1969ರ ವರದಿ. ಮಾರ್ಸಿಯಾ ಹರ್ಮನ್-ಗಿಡನ್ಸ್ ತಂಡ 65 ಕ್ಲಿನಿಕ್ಕುಗಳಿಂದ 17,077 ಬಾಲಕಿಯರ ಮಾಹಿತಿ ಕಲೆಹಾಕಿತು. ಸ್ತನ ಬೆಳವಣಿಗೆ ಕಪ್ಪು ಬಾಲಕಿಯರಲ್ಲಿ ಸರಾಸರಿ 8.87, ಬಿಳಿಯರಲ್ಲಿ 9.96 ವರ್ಷಕ್ಕೆ ಆರಂಭವಾಗುತ್ತದೆಂದು ತಿಳಿದುಬಂತು. ಪಠ್ಯಪುಸ್ತಕದ ವಯಸ್ಸಿಗಿಂತ ಇದು ಬೇಗ. ತಕರಾರುಗಳೂ ಎದ್ದವು. ಹಲವರನ್ನು ಕಣ್ಣಳತೆಯಲ್ಲೇ ಪರೀಕ್ಷಿಸಿದ್ದರಿಂದ ಕೊಬ್ಬನ್ನೇ ಸ್ತನವೆಂದು ಎಣಿಸಿರಬಹುದು ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಕ್ಲಿನಿಕ್ಕಿನ ಸಂಶೋಧನೆಗೆ ಸಂಖ್ಯೆಯ ಬಲವಿದೆ, ಅಳತೆಯ ಬಿಗಿ ಕಡಿಮೆ.

ಇದೇ ಜಾಲದ 2004ರ ಅಧ್ಯಯನದಲ್ಲಿ ಕ್ಲಿನಿಕ್ಕಿನ ವೈದ್ಯರ ವಿವೇಚನೆಯೇ ಪರೀಕ್ಷೆಗೆ ಒಳಗಾಯಿತು. ಮೂರು ತಿಂಗಳೊಳಗಿನ, ಜ್ವರವಿದ್ದ 3,066 ಶಿಶುಗಳನ್ನು 573 ವೈದ್ಯರು ನೋಡಿದರು. ಇಂಥ ಶಿಶುಗಳ ಆರೈಕೆಗೆಂದು ಇದ್ದ ಮಾರ್ಗಸೂಚಿಗಳನ್ನು ಅವರು ಪಾಲಿಸಿದ್ದು 42 ಪ್ರತಿಶತ ಪ್ರಕರಣಗಳಲ್ಲಿ ಮಾತ್ರ. ಹಾಗಿದ್ದೂ ರಕ್ತದ ಸೋಂಕು ಅಥವಾ ಮೆದುಳುಪೊರೆಯ ಉರಿಯೂತವಿದ್ದ 63 ಶಿಶುಗಳಲ್ಲಿ 61ಕ್ಕೆ ಮೊದಲ ಭೇಟಿಯಲ್ಲೇ ಆ್ಯಂಟಿಬಯಾಟಿಕ್ ಸಿಕ್ಕಿತ್ತು. ಮಾರ್ಗಸೂಚಿ ಬರೆದವರು ಸುಲಭವಾಗಿ ಕಡೆಗಣಿಸಲಾಗದ ಫಲಿತಾಂಶವಿದು. 2021ರಲ್ಲಿ ಅಕಾಡೆಮಿ ಇಂಥ ಶಿಶುಗಳಿಗಾಗಿ ಹೊಸ ಮಾರ್ಗಸೂಚಿ ಹೊರಡಿಸಿದಾಗ ಅದರ ಮೊದಲ ಲೇಖಕರಾಗಿದ್ದವರು, 2004ರ ಅಧ್ಯಯನವನ್ನು ನಡೆಸಿದ್ದ ರಾಬರ್ಟ್ ಪ್ಯಾಂಟೆಲ್.