ಮದ್ದು

ಹಳಗನ್ನಡದ ‘ಮರ್ದು’ ನಾಲಿಗೆಯಲ್ಲಿ ಸವೆದು ‘ಮದ್ದು’ ಆಯಿತು. ತಮಿಳಿನ ಮರುಂದು, ತೆಲುಗಿನ ಮಂದು ಇದರ ಒಡಹುಟ್ಟುಗಳು. ಅಜ್ಜಿ ಅರೆದು ಕುಡಿಸುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು, ಆಗದವರು ಊಟದಲ್ಲಿ ಬೆರೆಸಿದರೆಂದು ಊರು ಪಿಸುಗುಡುವುದೂ ಮದ್ದೇ. ಕೊಡಗಿನಲ್ಲಿ ಕಕ್ಕಡ ತಿಂಗಳ 18ರ ಪಾಯಸಕ್ಕೆ ಬಣ್ಣ ಕೊಡುವುದು ಮದ್ದುಸೊಪ್ಪು.

ಫಾರ್ಮಕಾಲಜಿಯ ಬೇರಾದ ಗ್ರೀಕ್ ‘ಫಾರ್ಮಕಾನ್’ ಕೂಡ ಹೀಗೇ: ಔಷಧ, ವಿಷ, ಮಾಟ ಮೂರೂ ಅದರೊಳಗಿವೆ. ಸಂಸ್ಕೃತದ ‘ಔಷಧ’ಕ್ಕೆ ಈ ತುಂಟತನವಿಲ್ಲ.

ಒಂದೇ ವಸ್ತು ವಿಷವೂ ಔಷಧವೂ ಆಗುವುದಕ್ಕೆ ವಾರ್ಫರಿನ್ ನೋಡಿ. 1948ರಲ್ಲಿ ಇಲಿಪಾಷಾಣವಾಗಿ ಬಂದದ್ದು, 1954ರಲ್ಲಿ ಮನುಷ್ಯರ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯಾಯಿತು. ಎರಡೂ ಕಡೆ ಅದು ಮಾಡುವುದು ಒಂದೇ, ವಿಟಮಿನ್ ‘ಕೆ’ಗೆ ಅಡ್ಡಗಾಲು. ವ್ಯತ್ಯಾಸ ಪ್ರಮಾಣದ್ದು, ಅದಕ್ಕೇ ಅದನ್ನು ನುಂಗುವವರು ಇಂದಿಗೂ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.