ವಂಶೋಲ್ಲೇಖಗಳಲ್ಲಿ ಸಂಕ್ಷೇಪಾಕ್ಷರಗಳು

ಕನ್ನಡ ತಾಳೆಯೋಲೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಸಂಕ್ಷೇಪಾಕ್ಷರಗಳು ಹೊಸವಲ್ಲ. ಚಂಪೂಕಾವ್ಯದ ಪ್ರತಿಯಲ್ಲಿ ಕಂದಪದ್ಯಕ್ಕೆ ‘ಕಂ’, ವೃತ್ತಕ್ಕೆ ‘ವೃ’, ವಚನಕ್ಕೆ ‘ವ’ ಎಂದು ಬರೆದು ಲಿಪಿಕಾರನು ಮುಂದೆ ಸಾಗುತ್ತಾನೆ. ದಾನಶಾಸನಗಳಲ್ಲಿ ಗದ್ಯಾಣಕ್ಕೆ ‘ಗ’ ಎಂದೂ, ಭೂಮಿಯ ಅಳತೆಯಾದ ಕಂಬಕ್ಕೆ ‘ಕಂ’ ಎಂದೂ ಬರುವುದುಂಟು. ಒಂದೇ ‘ಕಂ’ ಕಾವ್ಯದಲ್ಲಿ ಛಂದಸ್ಸನ್ನೂ ಶಾಸನದಲ್ಲಿ ನೆಲದ ಅಳತೆಯನ್ನೂ ಸೂಚಿಸಿದರೂ ಯಾರೂ ತಪ್ಪಿ ಓದುವುದಿಲ್ಲ. ಅಕ್ಷರಕ್ಕೆ ಅರ್ಥವನ್ನು ಕೊಡುವುದು ಅದಿರುವ ಸ್ಥಾನ. ತಿಥಿಯನ್ನು ‘ಶು ೫ ಶು’ ಎಂದು ಬರೆದಾಗ ಮೊದಲಿನ ‘ಶು’ ಶುದ್ಧಪಕ್ಷವೆಂದೂ ಕಡೆಯದು ಶುಕ್ರವಾರವೆಂದೂ ತಿಳಿಯುವುದು ಈ ಕ್ರಮದಿಂದಲೇ. ಪಕ್ಷ, ತಿಥಿ, ವಾರ ಎಂಬ ಅನುಕ್ರಮವು ಕದಲಿದರೆ ಆ ಎರಡು ‘ಶು’ಗಳೂ ಅರ್ಥವನ್ನು ಕಳೆದುಕೊಳ್ಳುತ್ತವೆ.

ಸಂಕ್ಷೇಪಾಕ್ಷರವು ಬಹುಕಾಲ ಬಳಕೆಯಲ್ಲಿದ್ದರೆ ಸ್ವತಂತ್ರ ಶಬ್ದವೇ ಆಗಿಬಿಡುವುದೂ ಉಂಟು. ಉತ್ತರದ ಲೇಖಗಳಲ್ಲಿ ಕಾಣುವ ‘ಸುದಿ’, ‘ಬದಿ’ ಎಂಬ ಪದಗಳು ಶುಕ್ಲಪಕ್ಷದ ದಿನ, ಬಹುಳಪಕ್ಷದ ದಿನ ಎಂಬುವುಗಳ ಆದ್ಯಕ್ಷರಗಳಿಂದ ಹುಟ್ಟಿದವು. ಕಾಲಕ್ರಮದಲ್ಲಿ ಇವು ಸಂಕ್ಷೇಪಗಳೆಂಬುದೇ ಮರೆತುಹೋಗಿ ವ್ಯವಹಾರದ ಮಾತುಗಳಾದವು.

ಕಾಲ, ಹಣ, ಅಳತೆ, ಛಂದಸ್ಸುಗಳ ವಿಷಯದಲ್ಲಿ ಹೀಗೆ ಮಿತವ್ಯಯಿಯಾದ ಕನ್ನಡ ಲೇಖಕನು ಬಂಧುತ್ವದ ವಿಷಯಕ್ಕೆ ಬಂದಾಗ ಉದಾರಿಯಾಗುತ್ತಾನೆ. ಶ್ರವಣಬೆಳಗೊಳದ ಹನ್ನೆರಡನೆಯ ಶತಮಾನದ ಶಾಸನಗಳಲ್ಲಿ ಹೊಯ್ಸಳ ದಂಡನಾಯಕ ಗಂಗರಾಜನ ಮನೆತನದ ವಿವರವು ಇದಕ್ಕೆ ಉತ್ತಮ ನಿದರ್ಶನ. ತಂದೆ ಏಚಿರಾಜ, ತಾಯಿ ಪೋಚಿಕಬ್ಬೆ, ಪತ್ನಿ ಲಕ್ಷ್ಮಿ, ಮಗ ಬೊಪ್ಪ ಇವರೆಲ್ಲರ ಪರಸ್ಪರ ಸಂಬಂಧವು ಅಲ್ಲಿ ಪೂರ್ಣಪದಗಳಲ್ಲಿಯೇ ಹೇಳಲ್ಪಟ್ಟಿದೆ. ಮೂಡಬಿದಿರೆಯ ಮಹಾಬಂಧದ ಓಲೆಪ್ರತಿಯ ಪ್ರಶಸ್ತಿಯೂ ಇಂತಹುದೇ. ಶಾಂತಿಸೇನನ ಪತ್ನಿ ಮಲ್ಲಿಕಬ್ಬೆಯು ಶ್ರೀಪಂಚಮೀವ್ರತದ ಉದ್ಯಾಪನೆಯಲ್ಲಿ ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳೆಂಬ ಸಂಗತಿ ಸಂದೇಹಕ್ಕೆಡೆಯಿಲ್ಲದಂತೆ ತಿಳಿದುಬರುತ್ತದೆ. ಪದ್ಯದ ಬಂಧದಲ್ಲಿ ಪದವನ್ನು ಮೊಟಕುಗೊಳಿಸಲು ಬರುವುದಿಲ್ಲವೆಂಬುದು ಒಂದು ಕಾರಣ; ಕಲ್ಲಿನ ಹರವು ದೊಡ್ಡದೆಂಬುದು ಮತ್ತೊಂದು.

ಪಶ್ಚಿಮ ಭಾರತದ ಲೋಹಪ್ರತಿಮೆಗಳ ಸ್ಥಿತಿ ಬೇರೆ. ಗುಜರಾತು ಮತ್ತು ರಾಜಸ್ಥಾನಗಳ ಬಸದಿಗಳಲ್ಲಿ ಹದಿನೈದು, ಹದಿನಾರನೆಯ ಶತಮಾನಗಳ ಚಿಕ್ಕ ಹಿತ್ತಾಳೆ, ಕಂಚಿನ ಜಿನಬಿಂಬಗಳು ಹೇರಳವಾಗಿವೆ. ಅವುಗಳ ಹಿಂಬದಿಯ ಅಂಗೈಯಗಲದ ಜಾಗದಲ್ಲಿ ಪ್ರತಿಷ್ಠಾಕಾಲ, ಜ್ಞಾತಿ, ಗೋತ್ರ, ಎರಡು ಮೂರು ತಲೆಮಾರು, ಗಚ್ಛ, ಆಚಾರ್ಯ ಇಷ್ಟೂ ಅಡಕವಾಗಬೇಕು. ಆದುದರಿಂದ ಅಲ್ಲಿ ಬಂಧುತ್ವವೇ ಸಂಕ್ಷೇಪಕ್ಕೆ ಒಳಗಾಯಿತು. ಸಂವತ್ತಿಗೆ ‘ಸಂ’, ಜ್ಞಾತೀಯಕ್ಕೆ ‘ಜ್ಞಾ’, ಶ್ರೇಷ್ಠಿಗೆ ‘ಶ್ರೇ’, ವ್ಯವಹಾರಿಗೆ ‘ವ್ಯ’, ಮಂತ್ರಿಗೆ ‘ಮಂ’, ಭಾರ್ಯೆಗೆ ‘ಭಾ’, ಪುತ್ರನಿಗೆ ‘ಪು’, ಸುತನಿಗೆ ‘ಸು’, ಸಹೋದರನಿಗೆ ‘ಭ್ರಾ’, ‘ಮಾಡಿಸಲ್ಪಟ್ಟಿತು’ ಎಂಬರ್ಥದ ಕಾರಿತಕ್ಕೆ ‘ಕಾ’, ಪ್ರತಿಷ್ಠಿತಕ್ಕೆ ‘ಪ್ರ’ ಎಂಬಿವು ಆ ಲೇಖಗಳ ಸಾಮಾನ್ಯ ಪರಿಭಾಷೆ.

ಇವುಗಳನ್ನು ಓದುವ ಕೀಲಿಕೈ ಕ್ರಮವೇ. ಮೊದಲು ಬರುವ ‘ವ್ಯ’ ಅಥವಾ ‘ಶ್ರೇ’ಯ ಮುಂದಿನ ಹೆಸರು ಮನೆಯ ಹಿರಿಯನದು, ಅನಂತರದ ‘ಭಾ’ ಅವನ ಪತ್ನಿಯದು, ‘ಪು’ ಅವರ ಮಗನದು, ಮತ್ತೆ ಬರುವ ‘ಭಾ’ ಆ ಮಗನ ಹೆಂಡತಿಯದು. ಎಂದರೆ ಪ್ರತಿಯೊಂದು ‘ಭಾ’ವೂ ತನಗೆ ಸಮೀಪದ ಹಿಂದಿನ ಪುರುಷನಾಮಕ್ಕೆ ಅನ್ವಯಿಸುತ್ತದೆ. ಒಂದೇ ‘ಪು’ವಿನ ಮುಂದೆ ಮೂವರು ಮಕ್ಕಳ ಹೆಸರುಗಳು ಒಟ್ಟಾಗಿ ಬಂದು ಕಡೆಗೆ ಒಂದು ‘ಭಾ’ ಬಂದಲ್ಲಿ ಆ ಸೊಸೆಯು ಕಡೆಯವನ ಪತ್ನಿಯೆಂದು ತಿಳಿಯುವುದು ವಾಡಿಕೆ. ಆದರೆ ಅದು ಸಂಭಾವ್ಯವೇ ಹೊರತು ಸಿದ್ಧವಲ್ಲ.

ತೊಡಕುಗಳು ಇಷ್ಟಕ್ಕೇ ಮುಗಿಯುವುದಿಲ್ಲ. ‘ಸಂ’ ಎಂಬುದು ಲೇಖದ ಆದಿಯಲ್ಲಿದ್ದರೆ ಸಂವತ್ತು. ವ್ಯಕ್ತಿನಾಮದ ಹಿಂದಿದ್ದರೆ ಸಂಘಪತಿ ಅಥವಾ ಸಂಘವಿ. ‘ಸಾ’ ಎಂಬುದು ಸಾಹ ಅಥವಾ ಸಾಧು. ಈ ‘ಸಾಧು’ ಮಧ್ಯಕಾಲದ ಲೇಖಗಳಲ್ಲಿ ವರ್ತಕ ಗೃಹಸ್ಥನ ಗೌರವವಾಚಕ. ಇದನ್ನರಿಯದೆ ಮುನಿಯೆಂದು ವಿಸ್ತರಿಸುವವನು ಮರುಪದದಲ್ಲಿಯೇ ಆ ಮುನಿಗೆ ಹೆಂಡತಿಯನ್ನೂ ಮಕ್ಕಳನ್ನೂ ಒದಗಿಸಿಕೊಡಬೇಕಾಗುತ್ತದೆ! ಎಲ್ಲಕ್ಕಿಂತ ಸೂಕ್ಷ್ಮವಾದುದು ‘ಭಾ’ ಮತ್ತು ‘ಭ್ರಾ’ಗಳ ಅಂತರ. ನಾಗರಿಯಲ್ಲಿ ಈ ಎರಡನ್ನೂ ಬೇರ್ಪಡಿಸುವುದು ಅಕ್ಷರದ ಕೆಳಗಿನ ರಕಾರದ ಒಂದು ಕಿರುಗೀಟು. ಶತಮಾನಗಳ ಅಭಿಷೇಕ, ಮಾರ್ಜನಗಳಲ್ಲಿ ಆ ಗೀಟು ಸವೆದರೆ ತಮ್ಮನು ಹೆಂಡತಿಯಾಗುತ್ತಾನೆ. ಹೆಸರುಗಳು ಲೋಕಭಾಷೆಯ ಮೊಟಕು ರೂಪದಲ್ಲಿದ್ದಾಗ ಹೆಸರಿನಿಂದಲೇ ಲಿಂಗವನ್ನು ನಿರ್ಣಯಿಸುವುದೂ ಸುಲಭವಲ್ಲ.

ದಿಗಂಬರ ಪರಂಪರೆಯಲ್ಲಿ ವಿಕ್ರಮ ಸಂವತ್ ೧೫೪೮ರ, ಎಂದರೆ ಕ್ರಿ. ಶ. ೧೪೯೧ರ, ವೈಶಾಖ ಸುದಿ ೩ರಂದು ಭಟ್ಟಾರಕ ಜಿನಚಂದ್ರರಿಂದ ಪ್ರತಿಷ್ಠೆಗೊಂಡ, ಸಾಹ ಜೀವರಾಜ ಪಾಪಡೀವಾಲನು ಮಾಡಿಸಿದ ಬಿಂಬಗಳು ಉತ್ತರ ಭಾರತದ ಅನೇಕ ಊರುಗಳಲ್ಲಿ ದೊರೆಯುತ್ತವೆ. ಒಬ್ಬನೇ ದಾನಿ, ಒಂದೇ ತಿಥಿ. ಒಂದು ಬಿಂಬದಲ್ಲಿ ಸವೆದುದನ್ನು ಮತ್ತೊಂದರ ಸಹಾಯದಿಂದ ತುಂಬಿಕೊಳ್ಳಬಹುದು. ಒಂಟಿ ಬಿಂಬವೊಂದನ್ನು ಮಾಡಿಸಿದ ಸಾಮಾನ್ಯ ಕುಟುಂಬಕ್ಕೆ ಈ ಭಾಗ್ಯವಿಲ್ಲ. ಆ ಮನೆಯ ಹೆಂಗಸರ ಹೆಸರು ಲೋಕದಲ್ಲಿ ಉಳಿದಿರುವುದು ಹಲವು ವೇಳೆ ಆ ಒಂದು ‘ಭಾ’ದ ಆಶ್ರಯದಲ್ಲಿ ಮಾತ್ರ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಇಂತಹ ಲೇಖಗಳ ಸಂಗ್ರಹಕ್ಕೆ ತೊಡಗಿದವರು ತೋರಿದ ಸಂಯಮವು ಶ್ಲಾಘ್ಯವಾದುದು. ಪೂರಣಚಂದ ನಾಹರ್ ಅವರ ‘ಜೈನ ಲೇಖ ಸಂಗ್ರಹ’ದ ಮೊದಲ ಸಂಪುಟ ೧೯೧೮ರಲ್ಲಿ ಹೊರಬಂತು. ಅದರಲ್ಲಿಯೂ ಅಂತಹ ಇತರ ಸಂಗ್ರಹಗಳಲ್ಲಿಯೂ ಸಂಕ್ಷೇಪಾಕ್ಷರಗಳು ಬಹುಮಟ್ಟಿಗೆ ಮೂಲದಲ್ಲಿದ್ದಂತೆಯೇ ಅಚ್ಚಾಗಿವೆ. ಓದುಗನಿಗೆ ಇದರಿಂದ ಕೊಂಚ ಶ್ರಮವಾದರೂ ಸಂಪಾದಕರ ಊಹೆ ಮೂಲದೊಡನೆ ಬೆರೆತುಹೋಗಲಿಲ್ಲ. ಆದರೆ ನಾಗರಿ ಮುದ್ರಣದಲ್ಲಿ ಸಂಕ್ಷೇಪವನ್ನು ಸೂಚಿಸಲು ಅಕ್ಷರದ ಮುಂದೆ ಒಂದು ಸಣ್ಣ ಸೊನ್ನೆಯನ್ನಿಡುವ ಪದ್ಧತಿಯುಂಟು. ಕನ್ನಡ ಲಿಪಿಗೆ ಇಳಿಸುವಾಗ ಅದನ್ನು ಹಾಗೆಯೇ ಉಳಿಸಿದರೆ ಅನುಸ್ವಾರವೆಂಬ ಭ್ರಾಂತಿಯಾಗಿ ‘ಪು’ ಎಂಬುದು ‘ಪುಂ’ ಆಗುತ್ತದೆ. ಅಂಕಿಯ ಪಕ್ಕದಲ್ಲಿದ್ದರೆ ತಿಥಿಯೇ ಕೆಡುತ್ತದೆ. ಕನ್ನಡದಲ್ಲಿ ಬಿಂದುವೊಂದೇ ಕ್ಷೇಮ.

ಇದು ದೂರದ ಮಾತಲ್ಲ. ಬೆಳಗೊಳದ ಬೆಟ್ಟಗಳಲ್ಲಿಯೇ ಉತ್ತರದ ಯಾತ್ರಿಕರು ಕೆತ್ತಿಸಿದ ನಾಗರಿ ಬರಹಗಳಿವೆ. ೧೮೮೯ರಲ್ಲಿ ರೈಸ್ ಪ್ರಕಟಿಸಿದ ಸಂಪುಟದಲ್ಲಿ ೧೪೪ ಶಾಸನಗಳಿದ್ದರೆ, ನರಸಿಂಹಾಚಾರ್ಯರ ೧೯೨೩ರ ಪರಿಷ್ಕರಣದಲ್ಲಿ ಅವು ೫೦೦ಕ್ಕೆ ಏರಿದವು. ಯಾತ್ರಿಕರ ಕಿರುಬರಹಗಳಿಗೂ ಅಲ್ಲಿ ಸ್ಥಾನ ದೊರೆಯಿತು. ಗಂಗರಾಜನ ಮನೆತನದ ಸಾವಕಾಶವಾದ ವರ್ಣನೆಯೂ ಯಾತ್ರಿಕರ ಅವಸರದ ಒಕ್ಕಣೆಯೂ ಒಂದೇ ಊರಿನಲ್ಲಿ ನೋಡಸಿಗುತ್ತವೆ.

ಈಗ ಹಸ್ತಪ್ರತಿ ಸೂಚಿಗಳನ್ನು ಸಿದ್ಧಪಡಿಸುವವರೂ ಪ್ರಶಸ್ತಿಗಳಿಂದ ದಾನಿಗಳ ವಂಶವೃಕ್ಷಗಳನ್ನು ರಚಿಸುವವರೂ ತಮ್ಮದೇ ಸಂಕ್ಷೇಪಗಳನ್ನು ಬಳಸುವುದು ಅನಿವಾರ್ಯ. ಇಲ್ಲಿ ಸಂಸ್ಕೃತಕ್ಕಿಂತ ಕನ್ನಡವೇ ಹೆಚ್ಚು ಮೋಸಗೊಳಿಸುತ್ತದೆ. ಅಣ್ಣ, ಅಕ್ಕ, ಅಜ್ಜ, ಅತ್ತೆ, ಅತ್ತಿಗೆ, ಅಳಿಯ ಎಲ್ಲಕ್ಕೂ ಆದ್ಯಕ್ಷರ ‘ಅ’. ಮಗ, ಮಗಳು, ಮಡದಿ ಮೂರಕ್ಕೂ ‘ಮ’. ಗುರು, ಗುಡ್ಡ, ಗುಡ್ಡಿ ಎಂಬ ಮೂರನ್ನೂ ‘ಗು.’ ಎಂದು ಬರೆದುಕೊಂಡರೆ ಆಚಾರ್ಯನು ಶಿಷ್ಯನಾಗಿ, ಶ್ರಾವಿಕೆಯು ಗುರುಪರಂಪರೆಯಲ್ಲಿ ಸೇರಿಹೋಗುವುದಕ್ಕೆ ಒಂದು ಮರುನಕಲು ಸಾಕು. ಪ್ರಶಸ್ತಿಯಿರುವುದು ಸಾಮಾನ್ಯವಾಗಿ ಕಡೆಯ ಗರಿಯಲ್ಲಿ. ಕಟ್ಟಿನಲ್ಲಿ ಮೊದಲು ಮುರಿಯುವುದೂ ಹೊರಗಿನ ಗರಿಗಳೇ. ಮೂಲವು ನಷ್ಟವಾದ ಬಳಿಕ ಸೂಚಿಕಾರನ ಚೀಟಿಯೇ ಏಕಮಾತ್ರ ಸಾಕ್ಷಿ.

ಆದ್ದರಿಂದ ಮೂಲದ ಅಕ್ಷರವನ್ನು ಮೊದಲು ಬರೆದು, ವಿಸ್ತರಣವನ್ನು ಆವರಣದಲ್ಲಿಟ್ಟು, ಸಂದೇಹವಿದ್ದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಕುವುದು ಯುಕ್ತ. ಸೂಚಿಕಾರನ ಸ್ವಂತ ಸಂಕ್ಷೇಪಗಳ ಪಟ್ಟಿಯು ಗ್ರಂಥಾದಿಯಲ್ಲಿರಬೇಕು. ಒಮ್ಮೆ ಕೊಟ್ಟ ಅರ್ಥವು ಕಡೆಯ ಪುಟದವರೆಗೂ ಬದಲಾಗಕೂಡದು. ಬಂಧುವಾಚಕಗಳನ್ನಂತೂ ಪೂರ್ತಿಯಾಗಿ ಬರೆಯುವುದೇ ಲೇಸು. ಎರಡಕ್ಷರದ ‘ಮಗ’ನನ್ನು ಒಂದಕ್ಷರಕ್ಕೆ ಇಳಿಸಿ ಉಳಿಸುವ ಕಾಗದವೆಷ್ಟು?

ಶಕೆಗಳಿಗೂ ಈ ಮಾತು ಸಲ್ಲುತ್ತದೆ. ‘ವಿ. ಸಂ.’ ವಿಕ್ರಮ ಸಂವತ್ತು, ‘ವೀ. ಸಂ.’ ವೀರನಿರ್ವಾಣ ಸಂವತ್ತು. ನಡುವಣ ಭೇದ ಒಂದು ದೀರ್ಘದ ಗುರುತು, ಕಾಲದಲ್ಲಿ ೪೭೦ ವರ್ಷ. ಕನ್ನಡ ನಾಡಿನ ಶಾಸನದಲ್ಲಿ ‘ವಿಕ್ರಮವರ್ಷ’ವೆಂಬುದು ೧೦೭೬ರಲ್ಲಿ ಮೊದಲಾದ ಚಾಲುಕ್ಯ ವಿಕ್ರಮ ಶಕೆಯಾಗಿರುವುದೇ ಹೆಚ್ಚು. ಅದನ್ನು ಬರಿಯ ‘ವಿ.’ ಎಂದು ಗುರುತಿಸಿದರೆ ಮನೆತನವೊಂದು ಸಾವಿರ ವರ್ಷಕ್ಕೂ ಮಿಕ್ಕಿ ಹಿಂದೆ ಸರಿಯುತ್ತದೆ.

ತುಳುನಾಡಿನ ಅಳಿಯಸಂತಾನದ ಮನೆತನಗಳಲ್ಲಿ ‘ಅಳಿಯ’ನೆಂಬ ಪೂರ್ಣಪದವೂ ಸಾಲದು. ಮಗಳ ಗಂಡನೂ ಅಳಿಯನೇ, ಸೋದರಿಯ ಮಗನೂ ಅಳಿಯನೇ; ಆದರೆ ಉತ್ತರಾಧಿಕಾರವಿದ್ದುದು ಸೋದರಿಯ ಮಗನಿಗೆ. ೧೫೮೬ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವರಸನು ಹಿರಿಯ ಭೈರವರಸನಿಗೆ ಉತ್ತರಾಧಿಕಾರಿಯಾದುದು ತಾಯಿ ಗುಮ್ಮಟಾಂಬೆಯ ಮೂಲಕ, ಅವಳು ಆ ಅರಸನ ಸೋದರಿಯಾದುದರಿಂದ. ಅವನ ವಂಶಾವಳಿಯ ಚೀಟಿಯಲ್ಲಿ ‘ಅ.’ ಎಂದಷ್ಟೇ ಬರೆದಿದ್ದರೆ ಮೊದಲು ಕಣ್ಮರೆಯಾಗುವ ಹೆಸರು ಗುಮ್ಮಟಾಂಬೆಯದು.