ಪೆನ್ನಿ ರೊಟ್ಟಿಯ ತೂಕ

ಊರಿಗೆ ಬೇನೆ ಬಂತೆಂಬ ಸುದ್ದಿ ಹಬ್ಬಿದೊಡನೆ ಗೃಹಸ್ಥನ ಕಾಲು ಮೊದಲು ಎಳೆಯುವುದು ದಿನಸಿ ಅಂಗಡಿಯ ಕಡೆಗೆ. ವೈದ್ಯನ ನೆನಪು ಆಮೇಲೆ. 2020ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಇದನ್ನು ನಾವೆಲ್ಲರೂ ಕಂಡೆವು. ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಜನ ಶೌಚದ ಕಾಗದದ ಸುರುಳಿಗಳಿಗಾಗಿ ಮುಗಿಬಿದ್ದರೆಂದು ಓದಿ, ಚೊಂಬು ನೀರಿನಲ್ಲಿ ಕೆಲಸ ಮುಗಿಸುವ ನಮ್ಮವರು ನಕ್ಕದ್ದುಂಟು. ಆ ನಗೆ ಬಹಳ ದಿನ ಉಳಿಯಲಿಲ್ಲ. ಅದೇ ತಿಂಗಳ 24ರ ರಾತ್ರಿ 8 ಗಂಟೆಗೆ ಪ್ರಧಾನಮಂತ್ರಿಗಳು, ನಡುರಾತ್ರಿಯಿಂದ 21 ದಿನ ದೇಶಕ್ಕೆ ದೇಶವೇ ಮನೆಯೊಳಗಿರಬೇಕೆಂದು ಸಾರಿದರು. ಮಾತು ಮುಗಿಯುವ ಹೊತ್ತಿಗೆ ನಮ್ಮ ಬೀದಿಗಳಲ್ಲಿಯೂ ಚೀಲ ಹಿಡಿದವರ ಗುಂಪು ಅಂಗಡಿಗಳನ್ನು ಮುತ್ತಿತು. ಅಗತ್ಯ ಸಾಮಾನು ಸಿಕ್ಕಿಯೇ ಸಿಕ್ಕುತ್ತದೆ, ಗಾಬರಿ ಬೇಡ ಎಂದು ಸರ್ಕಾರ ಹೇಳಿತು. ಆದರೂ ಒಬ್ಬರಿಂದೊಬ್ಬರು ದೂರ ನಿಲ್ಲಿರೆಂದು ಕೇಳಿದ ಅದೇ ರಾತ್ರಿ, ಅಕ್ಕಿ ಬೇಳೆಗಾಗಿ ಒಬ್ಬರ ಮೈಗೊಬ್ಬರು ತಾಗಿ ನಿಂತೆವು.

ಇದನ್ನು ಮೂರ್ಖತನವೆಂದು ತಳ್ಳಿಬಿಡುವುದು ಸುಲಭ. ಆದರೆ ಇಂಥದೇ ಇಕ್ಕಟ್ಟಿಗೆ ಸಿಕ್ಕಿದ ಹಳೆಯ ಪಟ್ಟಣವೊಂದರ ಮನೆವಾರ್ತೆಯ ಲೆಕ್ಕ ನಮಗೆ ಸಾಕಷ್ಟು ವಿವರವಾಗಿ ಉಳಿದುಬಂದಿದೆ. ಅದು 1665ನೆಯ ಇಸವಿಯ ಲಂಡನ್. ಆ ಲೆಕ್ಕವನ್ನು ನೋಡಿದವರಿಗೆ, ಅಂಗಡಿಗೆ ಓಡಿದವನೇ ತಪ್ಪಿತಸ್ಥನೆಂದು ಬೆರಳು ತೋರಿಸಲು ಸ್ವಲ್ಪ ಸಂಕೋಚವಾಗುತ್ತದೆ.

ಆಗ ಲಂಡನ್ನಿನಲ್ಲಿ ಹೊರಪೇಟೆಗಳೂ ಸೇರಿ ಸುಮಾರು ನಾಲ್ಕೂವರೆ ಲಕ್ಷ ಜನವಿದ್ದರು. ವಸಂತದಲ್ಲಿ ಕಾಲಿಟ್ಟ ಪ್ಲೇಗು ಸೆಪ್ಟೆಂಬರಿನಲ್ಲಿ ತುದಿ ಮುಟ್ಟಿತು. ಆ ತಿಂಗಳ ಒಂದೇ ವಾರದಲ್ಲಿ 7,165 ಮಂದಿ ಪ್ಲೇಗಿಗೆ ತುತ್ತಾದರೆಂದು ಪಟ್ಟಣದ ಮರಣಪಟ್ಟಿ ಹೇಳುತ್ತದೆ. ವರ್ಷದ ಮೊತ್ತ 68,596. ಬೇರೆ ಕಾಯಿಲೆಯ ಹೆಸರಿನಲ್ಲಿ ಮುಚ್ಚಿಟ್ಟ ಸಾವುಗಳನ್ನೂ ಕೂಡಿಸಿದರೆ ಅದು ಒಂದು ಲಕ್ಷದ ಸಮೀಪಕ್ಕೆ ಹೋಗುತ್ತದೆಂದು ಇತಿಹಾಸಕಾರರ ಎಣಿಕೆ. ದೊರೆ ಎರಡನೆಯ ಚಾರ್ಲ್ಸ್ ಪರಿವಾರ ಸಮೇತ ಊರು ಬಿಟ್ಟ. ಕೊನೆಗೆ ಆಕ್ಸ್‌ಫರ್ಡಿನಲ್ಲಿ ಬಿಡಾರ ಮಾಡಿದ. ಗಾಡಿ ಕುದುರೆ ಇದ್ದವರು ಅವನ ಹಿಂದೆಯೇ ಹೊರಟರು. ಊರಿನ ಆಡಳಿತ ಹೊತ್ತಿದ್ದ ಲಾರ್ಡ್ ಮೇಯರ್ ಸರ್ ಜಾನ್ ಲಾರೆನ್ಸ್ ಮಾತ್ರ ಅಲ್ಲಿಯೇ ಉಳಿದ.

ಉಳಿದ ಜನ ಏನು ತಿಂದರು, ಏನು ಕೊಂಡರು ಎಂಬುದಕ್ಕೆ ನಮಗೆ ಮುಖ್ಯವಾಗಿ ಇಬ್ಬರ ಸಾಕ್ಷ್ಯವುಂಟು. ಒಬ್ಬ ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್; ಆತ ದಿನವೂ ದಿನಚರಿ ಬರೆಯುತ್ತಿದ್ದವನು. ಇನ್ನೊಬ್ಬ 'ರಾಬಿನ್ಸನ್ ಕ್ರೂಸೋ' ಖ್ಯಾತಿಯ ಡೇನಿಯಲ್ ಡಿಫೋ. ಡಿಫೋ ತನ್ನ ಪ್ಲೇಗಿನ ಪುಸ್ತಕವನ್ನು ಪ್ರಕಟಿಸಿದ್ದು 1722ರಲ್ಲಿ. ಪ್ಲೇಗು ನಡೆದಾಗ ಅವನು ಐದು ವರ್ಷದ ಆಸುಪಾಸಿನ ಹುಡುಗ. ಪುಸ್ತಕದಲ್ಲಿ ಕಥೆ ಹೇಳುವ, ಕುದುರೆಯ ಜೀನು ಮಾಡುವ ವರ್ತಕನೂ ಅವನ ಕಲ್ಪನೆಯವನೇ. ಆದರೆ ಲಾರ್ಡ್ ಮೇಯರನ ಆಜ್ಞೆಗಳನ್ನೂ ವಾರವಾರದ ಮರಣಪಟ್ಟಿಗಳನ್ನೂ ಮುಂದಿಟ್ಟುಕೊಂಡು ಬರೆದ ಗ್ರಂಥ ಅದು. ದಿನಸಿಯ ವಿಷಯದಲ್ಲಿ ಡಿಫೋನ ಕಣ್ಣು ಎಷ್ಟು ಚುರುಕೆಂದರೆ, ಯಾವ ಹಳೆಯ ಶೆಟ್ಟರೂ ಮೆಚ್ಚಬೇಕು.

ಬೇನೆಯ ಕಾಲದಲ್ಲಿ ಮೊದಲು ಬೆಲೆಯೇರುವುದು ಅನ್ನಕ್ಕಲ್ಲ, ಅಭಯಕ್ಕೆ. ಇದಕ್ಕೆ 62 ವರ್ಷ ಹಿಂದಿನ, 1603ರ ಪ್ಲೇಗಿನ ಒಂದು ನಿದರ್ಶನ ಸೊಗಸಾಗಿದೆ. ರೋಸ್‌ಮೆರಿ ಎಂಬ ಸುವಾಸನೆಯ ಸೊಪ್ಪನ್ನು ಮೂಗಿಗೆ ಹಿಡಿದರೆ ಕೆಟ್ಟ ಗಾಳಿ ತಾಗದೆಂಬ ನಂಬಿಕೆಯಿತ್ತು. ತೋಳ್ತುಂಬ 12 ಪೆನ್ನಿಗೆ ಬರುತ್ತಿದ್ದ ಆ ಸೊಪ್ಪು, ಪ್ಲೇಗು ಬಂದ ಮೇಲೆ ಒಂದು ಹಿಡಿಗೆ 6 ಷಿಲಿಂಗ್ ಆಯಿತೆಂದು ಆ ಕಾಲದ ಲೇಖಕ ಥಾಮಸ್ ಡೆಕರ್ ಬರೆದಿದ್ದಾನೆ. ಷಿಲಿಂಗಿಗೆ 12 ಪೆನ್ನಿ. ತೋಳ್ತುಂಬದ ಬೆಲೆಗೆ ಆರು ಪಾಲು ಕೊಟ್ಟರೂ ಕೈಗೆ ಬಂದದ್ದು ಒಂದು ಹಿಡಿ! 1665ರ ವೇಳೆಗೆ ಹೊಗೆಸೊಪ್ಪಿನ ಸರದಿ. ಜೂನ್ 7ರ ಬಿಸಿಲಿನಲ್ಲಿ ಡ್ರೂರಿ ಲೇನ್ ಬೀದಿಯ ಮನೆಬಾಗಿಲುಗಳ ಮೇಲೆ ಪ್ಲೇಗಿನ ಗುರುತಾದ ಕೆಂಪು ಶಿಲುಬೆಗಳನ್ನು ಕಂಡ ಪೀಪ್ಸ್, ಎದೆ ಝಲ್ಲೆಂದು, ಒಂದಿಷ್ಟು ಹೊಗೆಸೊಪ್ಪು ಕೊಂಡು ಮೂಸಿದ, ಅಗಿದ. ಆಗ ಜೀವ ಬಂದಂತಾಯಿತಂತೆ. ಈಟನ್ ಶಾಲೆಯಲ್ಲಿ ಬೆಳಿಗ್ಗೆ ಹೊಗೆಸೊಪ್ಪು ಸೇದದ ಹುಡುಗನಿಗೆ ಚಾಟಿಯ ಏಟು ಬಿದ್ದಿತೆಂಬ ಕಥೆಯೂ ಉಂಟು. ಇಂದಿನ ಉಪಾಧ್ಯಾಯರು ಕೇಳಿದರೆ ಏನೆನ್ನುವರೋ! ನಾವು ಇದನ್ನು ಓದಿ ನಗುವ ಮುನ್ನ, 2020ರ ಮಾರ್ಚಿಯಲ್ಲಿ ಸ್ಯಾನಿಟೈಸರ್ ಸೀಸೆ ಅಂಗಡಿಗಳಿಂದ ಮಾಯವಾಗಿ, ಸರ್ಕಾರ ಅದನ್ನೂ ಮುಖಗವಸನ್ನೂ ಅಗತ್ಯ ವಸ್ತುಗಳ ಕಾನೂನಿನ ಕೆಳಗೆ ತಂದು, 200 ಮಿಲಿಲೀಟರಿಗೆ 100 ರೂಪಾಯಿ ಮೀರಕೂಡದೆಂದು ಕಟ್ಟು ಮಾಡಿದ್ದನ್ನು ನೆನೆಯಬೇಕು. ಸ್ಯಾನಿಟೈಸರಿಗೆ ಕ್ರಿಮಿಯನ್ನು ಕೊಲ್ಲುವ ಗುಣ ನಿಜವಾಗಿಯೂ ಇತ್ತು; ರೋಸ್‌ಮೆರಿಗೆ ಇರಲಿಲ್ಲ. ಕೊಳ್ಳುವವನ ಗಾಬರಿಗೆ ಆ ಭೇದ ತಿಳಿಯದು.

ಇನ್ನು ಅನ್ನದ ವಿಷಯ. ಅವರಿಗೆ ಅನ್ನವೆಂದರೆ ರೊಟ್ಟಿ, ನಮ್ಮ ಬೇಕರಿಯಲ್ಲಿ ಸಿಕ್ಕುವ ಬ್ರೆಡ್ಡಿನ ಜಾತಿಯದು. ಹದಿಮೂರನೆಯ ಶತಮಾನದಿಂದಲೂ ಇಂಗ್ಲೆಂಡಿನಲ್ಲಿ ರೊಟ್ಟಿಗೆ ಒಂದು ಕಾನೂನಿತ್ತು. ಪೆನ್ನಿ ರೊಟ್ಟಿಗೆ ಎಂದೆಂದೂ ಒಂದು ಪೆನ್ನಿಯೇ ಬೆಲೆ. ಗೋಧಿ ತುಟ್ಟಿಯಾದರೆ ಬೆಲೆ ಏರುವುದಿಲ್ಲ, ತೂಕ ಇಳಿಯುತ್ತದೆ. ಗೋಧಿ ಅಗ್ಗವಾದರೆ ರೊಟ್ಟಿ ದಪ್ಪವಾಗುತ್ತದೆ. ನಮ್ಮ ಹೋಟೆಲುಗಳಲ್ಲಿ ಇಡ್ಲಿಯ ಗಾತ್ರವನ್ನು ಗಮನಿಸುತ್ತ ಬಂದವರಿಗೆ ಈ ಉಪಾಯ ಹೊಸದಲ್ಲ. ವ್ಯತ್ಯಾಸವಿಷ್ಟೆ: ಹೋಟೆಲಿನವರು ಸದ್ದಿಲ್ಲದೆ ಮಾಡುವ ಕೆಲಸವನ್ನು ಲಂಡನ್ನಿನಲ್ಲಿ ಲಾರ್ಡ್ ಮೇಯರ್ ಬಹಿರಂಗವಾಗಿ, ತೂಕವನ್ನು ಗೊತ್ತುಪಡಿಸಿ ಮಾಡುತ್ತಿದ್ದ. ತೂಕದಲ್ಲಿ ಮೋಸ ಮಾಡಿದ ರೊಟ್ಟಿಯವನಿಗೆ ಶಿಕ್ಷೆಯಿತ್ತು.

ಆದ್ದರಿಂದ ಪೆನ್ನಿ ರೊಟ್ಟಿಯ ತೂಕವೆಂಬುದು ಊರಿನ ನಾಡಿ ಹಿಡಿದು ನೋಡಿದಂತೆ. ಡಿಫೋ ಕೊಡುವ ಲೆಕ್ಕ ಹೀಗಿದೆ. ಮಾರ್ಚಿ ಮೊದಲ ವಾರದಲ್ಲಿ, ಬೇನೆ ಇನ್ನೂ ತಲೆಯೆತ್ತುವ ಮೊದಲು, ರೊಟ್ಟಿ ಹತ್ತೂವರೆ ಔನ್ಸು. ಪ್ಲೇಗು ಉಗ್ರವಾಗಿದ್ದಾಗ ಒಂಬತ್ತೂವರೆ ಔನ್ಸು; ಅದಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ವಾರಕ್ಕೆ ಏಳು ಸಾವಿರ ಹೆಣ ಬೀಳುತ್ತಿದ್ದ ಊರಿನಲ್ಲಿ, ದೊರೆ ಓಡಿಹೋದ ಊರಿನಲ್ಲಿ, ರೊಟ್ಟಿ ಸೊರಗಿದ್ದು ಒಂದೇ ಔನ್ಸು, ಎಂದರೆ ಸುಮಾರು ಎರಡೂವರೆ ತೊಲ!

ಇದು ತಾನಾಗಿ ಆದದ್ದಲ್ಲ. ರೊಟ್ಟಿ ಸುಡುವ ಒಲೆಗಳು ಆರಕೂಡದೆಂದು ರೊಟ್ಟಿಯವರ ಸಂಘದ ಯಜಮಾನನಿಗೆ ಹೊಣೆ ಹೊರಿಸಲಾಗಿತ್ತು. ಹಳ್ಳಿಗಳಿಂದ ತರಕಾರಿ, ಬೆಣ್ಣೆ, ಕೋಳಿ ತರುವವರನ್ನು ಯಾರೂ ತಡೆಯಕೂಡದು, ಅವರು ನಿರಾತಂಕವಾಗಿ ಬಂದು ನಿರಾತಂಕವಾಗಿ ಹಿಂದಿರುಗಬೇಕು. ಸಂತೆಯ ದಿನ ಲಾರ್ಡ್ ಮೇಯರನೋ ಅವನ ಕೈಕೆಳಗಿನ ಷೆರೀಫರಲ್ಲೊಬ್ಬರೋ ಕುದುರೆಯೇರಿ ಬಂದು ಇದನ್ನು ಖುದ್ದು ನೋಡುತ್ತಿದ್ದರಂತೆ. ಬೇನೆ ಬಲಿತು ಹಳ್ಳಿಯವರು ಪಟ್ಟಣದೊಳಗೆ ಬರಲು ಅಂಜಿದಾಗ ಸಂತೆಯೇ ಊರ ಹೊರಗೆ, ಬನ್‌ಹಿಲ್, ಸೇಂಟ್ ಜಾರ್ಜ್ ಮೊದಲಾದ ಬಯಲುಗಳಿಗೆ ಸರಿಯಿತು. ವ್ಯಾಪಾರದ ಕ್ರಮವೂ ಬದಲಾಯಿತು. ಮಾಂಸದಂಗಡಿಯಲ್ಲಿ ಗಿರಾಕಿಯೇ ಕೊಕ್ಕೆಯಿಂದ ಮಾಂಸವನ್ನು ತೆಗೆದುಕೊಳ್ಳಬೇಕು. ಹಣವನ್ನು ಅಂಗಡಿಯವನ ಕೈಗೆ ಕೊಡದೆ ವಿನೆಗರ್ ತುಂಬಿದ ಪಾತ್ರೆಯಲ್ಲಿ ಹಾಕಬೇಕು. ಚಿಲ್ಲರೆ ವಾಪಸು ಪಡೆಯುವ ಗೊಡವೆಯೇ ಬೇಡವೆಂದು ಜನ ಪುಡಿನಾಣ್ಯಗಳನ್ನು ಕಟ್ಟಿಕೊಂಡೇ ಹೋಗುತ್ತಿದ್ದರು.

ಹೀಗೆ ಪಟ್ಟಣದಲ್ಲಿ ಆಹಾರಕ್ಕೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಅಂಗಡಿಗೂ ಅಡಿಗೆಮನೆಗೂ ನಡುವಿನ ದಾರಿಯಲ್ಲಿ. ಕೊಳ್ಳುವುದಕ್ಕಾಗಿ ಮನೆಯಿಂದ ಹೊರಗೆ ಕಾಲಿಡಲೇಬೇಕಾದದ್ದು ಊರನ್ನು ಬಹುಮಟ್ಟಿಗೆ ಹಾಳುಮಾಡಿತೆಂದು ಡಿಫೋ ಬಲವಾಗಿ ನಂಬಿದ್ದ. ಹೊರಗೆ ಹೋಗುತ್ತಿದ್ದವರು ಯಾರು? ಬಡವರು, ಉಳ್ಳವರ ಮನೆಯಲ್ಲಾದರೆ ಆಳುಮಕ್ಕಳು, ಅದರಲ್ಲಿಯೂ ಕೆಲಸದ ಹೆಣ್ಣುಮಕ್ಕಳು. ರೊಟ್ಟಿಗೆಂದು ಹೋದವಳು ರೊಟ್ಟಿಯ ಜೊತೆಗೆ ಬೇನೆಯನ್ನೂ ತರುತ್ತಿದ್ದಳು. ಪ್ಲೇಗು ಹರಡುವುದರಲ್ಲಿ ಇಲಿಗೂ ಚಿಗಟಕ್ಕೂ ಇರುವ ಪಾತ್ರವನ್ನು ಆಗ ಯಾರೂ ಅರಿತಿರಲಿಲ್ಲ. ನಾಯಿ ಬೆಕ್ಕುಗಳನ್ನು ಕೊಲ್ಲಿಸಿ ಇಲಿಗಳಿಗೆ ಉಪಕಾರ ಮಾಡಿದರೆಂಬುದು ಬೇರೆಯ ಮಾತು.

ಜೀನಿನ ವರ್ತಕ ಏನು ಮಾಡಿದ? ಎರಡು ಮೂಟೆ ಹಿಟ್ಟು ತರಿಸಿದ. ಮನೆಯಲ್ಲಿ ಒಲೆಯಿತ್ತು, ರೊಟ್ಟಿಯನ್ನು ತಾವೇ ಸುಟ್ಟುಕೊಂಡರು. ಮೊಳೆತ ಬಾರ್ಲಿ ತಂದು ಮನೆಯಲ್ಲಿದ್ದ ಪೀಪಾಯಿಗಳು ತುಂಬುವಷ್ಟು ಬೀರು ಇಳಿಸಿದ. ಉಪ್ಪು ಬೆರೆಸಿದ ಬೆಣ್ಣೆ, ಚೆಷೈರಿನ ಚೀಸು ಕೂಡಿಟ್ಟ. ಕಸಾಯಿಗಳ ಬೀದಿಯಲ್ಲಿ ಬೇನೆ ಬಿರುಸಾಗಿದ್ದುದರಿಂದ ಮಾಂಸದ ಆಸೆ ಬಿಟ್ಟ. ಐದಾರು ವಾರಕ್ಕೆ ಸಾಲುವಷ್ಟಾಯಿತು. ಬಾಗಿಲು ಹಾಕಿಕೊಂಡ. ಇದನ್ನು ನಾವು ಕಳ್ಳದಾಸ್ತಾನು ಎನ್ನೋಣವೆ? ನನಗೆ ಹಾಗೆ ತೋರುವುದಿಲ್ಲ. ಅವನ ಮನೆಯವರು ಸಂತೆಗೆ ಹೋಗದ ಪ್ರತಿಯೊಂದು ದಿನವೂ ಸಂತೆಯಲ್ಲಿ ಒಬ್ಬರಷ್ಟು ಜಾಗ ತೆರವಾಯಿತು. ನಮ್ಮ ಹಳ್ಳಿಗಳಲ್ಲಿ ರಾಗಿಯನ್ನು ಹಗೇವಿಗೆ ಇಳಿಸಿ, ಕಣಜ ವಾಡೆಗಳನ್ನು ತುಂಬಿಸಿ, ವರ್ಷದ ಕೂಳನ್ನು ಮನೆಯಲ್ಲಿಯೇ ಇರಿಸಿಕೊಳ್ಳುತ್ತಿದ್ದ ಒಕ್ಕಲಿಗನನ್ನು ಯಾರೂ ಲೋಭಿ ಎನ್ನಲಿಲ್ಲ. ಬಾಳುವೆ ಬಲ್ಲವನು ಎಂದರು. ತಿಂಗಳ ಸಾಮಾನು, ವಾರದ ಸಾಮಾನು, ಸಂಜೆಯ ಸಾಮಾನು ಎಂದು ಉಗ್ರಾಣ ಕುಗ್ಗುತ್ತ ಬಂದದ್ದು ಪಟ್ಟಣವಾಸದಿಂದ.

ಆದರೆ ಎರಡು ಮೂಟೆ ಹಿಟ್ಟಿಗೆ ಮೂರು ಸಂಗತಿ ಬೇಕು: ಮುಂಗಡವಾಗಿ ಕೊಡಲು ಹಣ, ಇಡಲು ಜಾಗ, ಸುಡಲು ಒಲೆ. ಒಂದು ಕೋಣೆಯಲ್ಲಿ ಸಂಸಾರ ಮಾಡುವ ನೇಕಾರನಿಗೆ ಈ ಮೂರೂ ಇರಲಿಲ್ಲ. ಅವನ ಸಂಪಾದನೆ ಪೆನ್ನಿಯ ಲೆಕ್ಕದಲ್ಲಿ, ರೊಟ್ಟಿಯೂ ಪೆನ್ನಿಯ ಲೆಕ್ಕದಲ್ಲಿ. ಪ್ಲೇಗು ಬಂದೊಡನೆ ವ್ಯಾಪಾರ ನಿಂತು ಆ ಪೆನ್ನಿಯೂ ನಿಂತಿತು. ಯಜಮಾನರು ಮನೆಗೆ ಬೀಗ ಹಾಕಿ ಹಳ್ಳಿಗೆ ಹೊರಟಾಗ ಆಳುಗಳು ಬೀದಿಗೆ ಬಿದ್ದರು. ಊರು ಬಿಡೋಣವೆಂದರೆ ಆರೋಗ್ಯದ ರಹದಾರಿ ಚೀಟಿ ಬೇಕು. ಅದಿಲ್ಲದವರನ್ನು ದಾರಿಯ ಊರುಗಳವರು ಅಟ್ಟುತ್ತಿದ್ದರು. 2020ರಲ್ಲಿ ನಮ್ಮ ಹೆದ್ದಾರಿಗಳಲ್ಲಿ ಗಂಟು ಹೊತ್ತು, ಮಕ್ಕಳನ್ನು ಎತ್ತಿಕೊಂಡು ನಡೆದುಹೋದ ಕೂಲಿಗಾರರನ್ನು ಕಂಡವರಿಗೆ ಈ ಪುಟಗಳನ್ನು ಓದುವುದು ಕಷ್ಟ. ಆ ಮಾರ್ಚಿ 24ರ ರಾತ್ರಿ ಚೀಲ ಹಿಡಿದು ಅಂಗಡಿಗೆ ಹೋದ ನಾವು, ಎಷ್ಟೇ ಗಾಬರಿಯಾಗಿದ್ದರೂ, ಜೇಬಿನಲ್ಲಿ ಹಣವಿದ್ದು ಹೋದವರು.

ಕೆಲಸ ಹೋದ ಲಂಡನ್ನಿನ ಬಡವನಿಗೆ ಕೊನೆಗೆ ಸಿಕ್ಕಿದ ಉದ್ಯೋಗವೂ ಪ್ಲೇಗಿನದೇ. ರೋಗ ತಗುಲಿದ ಮನೆಗೆ ಬೀಗ ಹಾಕಿ, ಹಗಲಿಗೊಬ್ಬ ರಾತ್ರಿಗೊಬ್ಬನಂತೆ ಕಾವಲುಗಾರರನ್ನು ನಿಲ್ಲಿಸುತ್ತಿದ್ದರು. ಒಳಗಿನವರಿಗೆ ರೊಟ್ಟಿಯನ್ನೂ ಔಷಧವನ್ನೂ ತಂದುಕೊಡುವುದು ಅವನ ಕೆಲಸ. ಪೇಟೆಗೆ ಹೋಗುವಾಗ ಬೀಗದ ಕೈಯನ್ನು ತನ್ನ ಜೊತೆಯಲ್ಲಿಯೇ ಒಯ್ಯುವನು. ಮಿಕ್ಕವರು ರೋಗಿಗಳ ಆರೈಕೆಗೆ, ಹೆಣದ ಗಾಡಿಗೆ, ಗುಂಡಿ ತೋಡುವುದಕ್ಕೆ ಸೇರಿದರು. ಅಪಾಯವೆಂದು ತಿಳಿದೇ ಸೇರಿದರು.

ಕೊಳ್ಳುವವನು ಹೊರಗೆ ಹೋಗಲಾರದಾಗ ಸಾಮಾನು ಅವನಿದ್ದಲ್ಲಿಗೆ ಬರಬೇಕಷ್ಟೆ. ಇದನ್ನು ಮಾಡಿ ತೋರಿಸಿದ್ದು ಲಂಡನ್ನಿನಿಂದ ಬಹುದೂರದ, ಡಾರ್ಬಿಷೈರಿನ ಈಮ್ ಎಂಬ ಪುಟ್ಟ ಹಳ್ಳಿ. ಲಂಡನ್ನಿನಿಂದ ಬಂದ ಬಟ್ಟೆಯ ಗಂಟಿನೊಡನೆ ಪ್ಲೇಗು ಅಲ್ಲಿಗೆ ಹೋಯಿತೆಂದು ಹೇಳುತ್ತಾರೆ. 1666ರ ಬೇಸಗೆಯಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್ನನ ಮಾತಿಗೆ ಒಪ್ಪಿ ಹಳ್ಳಿಯವರು ಎಲ್ಲೆ ದಾಟುವುದಿಲ್ಲವೆಂದು ನಿಶ್ಚಯಿಸಿದರು. ಬೇನೆಯನ್ನು ನೆರೆಯ ಊರುಗಳಿಗೆ ಹಂಚಬಾರದೆಂಬುದು ಅವರ ಉದ್ದೇಶ. ಆದರೆ ಈ ಕಟ್ಟು ನಿಂತದ್ದು ಬರಿಯ ಧರ್ಮಬೋಧೆಯಿಂದಲ್ಲ. ಡೆವನ್‌ಷೈರಿನ ಅರ್ಲ್ ಅವರಿಗೆ ಆಹಾರ ಕಳುಹಿಸಿದ. ನೆರೆಯ ಹಳ್ಳಿಯವರು ಎಲ್ಲೆಕಲ್ಲಿನ ಬಳಿ ಸಾಮಾನು ಇಟ್ಟುಹೋಗುವರು. ಈಮ್‌ನವರು ಕಲ್ಲಿನಲ್ಲಿ ಕೊರೆದ ಕುಳಿಗಳಿಗೆ ವಿನೆಗರ್ ಸುರಿದು ಅದರಲ್ಲಿ ನಾಣ್ಯ ಇಡುವರು. ಸುಮಾರು 260 ಮಂದಿ ಸತ್ತರು. ಆಗಸ್ಟಿನಲ್ಲಿ ಪಾದ್ರಿಯ ಹೆಂಡತಿ ಕ್ಯಾಥರೀನ್ ಕೂಡ. ಕುಳಿಗಳಿರುವ ಆ ಕಲ್ಲು ಇಂದಿಗೂ ಅಲ್ಲಿಯೇ ಇದೆ.

ಇತ್ತ ಪೀಪ್ಸ್ ಮಹಾಶಯ ಹೆಂಡತಿಯನ್ನು ಜುಲೈಯಲ್ಲಿಯೇ ವುಲ್ವಿಚ್ಚಿಗೆ ಕಳುಹಿಸಿದ್ದ. ಕಚೇರಿಯೂ ಗ್ರೀನ್‌ವಿಚ್ಚಿಗೆ ಹೋಯಿತು. ಹೊಸದಾಗಿ ಕೊಂಡ ಟೋಪನ್ನು ತಲೆಗೇರಿಸಲು ಮಾತ್ರ ಅವನಿಗೆ ಭಯ. ಅದರ ಕೂದಲು ಪ್ಲೇಗಿನಲ್ಲಿ ಸತ್ತವರದಾಗಿದ್ದರೆ? ಡಿಸೆಂಬರ್ 31ರಂದು ಕುಳಿತು ವರ್ಷದ ಲೆಕ್ಕ ಬರೆದ: 1,300 ಪೌಂಡು ಇದ್ದ ಆಸ್ತಿ 4,400 ಆಗಿತ್ತು. ಅಷ್ಟೊಂದು ಸಂತೋಷವಾಗಿ ತಾನು ಎಂದೂ ಬಾಳಿರಲಿಲ್ಲವೆಂಬ ಭಾವದ ಮಾತನ್ನೂ ನಾಚಿಕೆಯಿಲ್ಲದೆ ಬರೆದಿಟ್ಟ. ಅವನ ಈ ಪ್ರಾಮಾಣಿಕತೆಗೆ ನಾವು ಋಣಿಗಳು.

ಪಟ್ಟಣದಲ್ಲಿ ಬೇನೆ ಇಳಿಮುಖವಾಗಿ ನವೆಂಬರ್ ಆರಂಭದಲ್ಲಿ ಪೆನ್ನಿ ರೊಟ್ಟಿ ಮತ್ತೆ ಹತ್ತೂವರೆ ಔನ್ಸಿಗೆ ಏರಿತು. ಅದನ್ನು ದಿನಕ್ಕೊಂದರಂತೆ ಕೊಳ್ಳುತ್ತಿದ್ದವರಲ್ಲಿ ಎಷ್ಟೋ ಮಂದಿ ಆ ವೇಳೆಗೆ ಉಳಿದಿರಲಿಲ್ಲ.